ಹಿರಿಯರಿಗೆ ಮೀಸಲು

ಕಳೆದ ತಿಂಗಳು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಈಶ್ವರಮಂಗಲದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಜೊತೆಯಲ್ಲಿ ಕೆಲಸ ಮಾಡಿದ್ದವರೊಬ್ಬರು ಅಲ್ಲಿ ಹೊಸ ಮನೆ ಕಟ್ಟಿಸಿ ಒಕ್ಕಲಿಗೆ ಕರೆದಿದ್ದರು. ಬೆಳಗಿನಿಂದ ಬಿಡದ ಮಳೆ. ಮೂಲೆಯಲ್ಲಿ ಒಬ್ಬಾತ ಕುಕ್ಕರುಗಾಲಲ್ಲಿ ಕೂತು ಬೆಂಚೊಂದಕ್ಕೆ ಹಳದಿ ಪೇಂಟು ಬಳಿಯುತ್ತಿದ್ದ. ಇಂಥ ಮಳೆಯಲ್ಲಿ ಪೇಂಟು ಹೊಡೆಸುವ ಬುದ್ಧಿವಂತರು ಯಾರಪ್ಪ ಎಂದು ಮನಸ್ಸಿನಲ್ಲೇ ಬೈದೆ. ಅಷ್ಟರಲ್ಲಿ ಪೇಂಟಿನ ವಾಸನೆ ಮೂಗಿಗೆ ಹತ್ತಿತು, ಬೈಗುಳ ತಿರುಗಿ ನನಗೇ ಬಂದು ತಗುಲಿತು. ಕೆಲವು ವರ್ಷಗಳ ಹಿಂದೆ ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ಹಳದಿ ಪೇಂಟು ಹೊಡೆಸಿದ ಬುದ್ಧಿವಂತೆ ನಾನೇ.

ಆ ವರ್ಷದ ವಿಷಯವನ್ನು ನಾನು ಮನೆಯವರಿಗೂ ಪೂರ್ತಿ ಹೇಳಿಲ್ಲ. ಅರ್ಧ ಕೇಳಿದವರೆಲ್ಲ "ಅಯ್ಯೋ, ಅದರಲ್ಲಿ ನಿನ್ನ ತಪ್ಪೇನಿದೆ" ಎಂದುಬಿಡುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದಕ್ಕೆ ನನಗೆ ಮನಸ್ಸಿಲ್ಲ.

ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ, ಜನರ ಬಾಯಲ್ಲಿ ಪಿಡಿಒ ಮೇಡಂ. ಊರು ಹಿರಿಯೂರಿನ ಕಡೆ. ನಿವೃತ್ತಿಗೆ ಇನ್ನು ಐದಾರು ವರ್ಷ ಎನ್ನುವಾಗ ನನ್ನನ್ನು ಈ ಸೀಮೆಗೆ ವರ್ಗ ಮಾಡಿದರು. ಪಂಚಾಯಿತಿಯ ಹೆಸರು ಹೇಳುವುದಿಲ್ಲ. ಸವಣೂರಿಗೂ ಐವರ್ನಾಡಿಗೂ ನಡುವೆ ಎಲ್ಲೋ ಒಂದು ಜಂಕ್ಷನ್ ಎಂದಿಟ್ಟುಕೊಳ್ಳಿ. ಒಂದು ಅಂಚೆ ಕಚೇರಿ, ಒಂದು ಸೊಸೈಟಿ, ಒಂದು ಹೋಟೆಲು, ಪಂಚಾಯಿತಿ ಕಟ್ಟಡ, ಆಮೇಲೆ ರಸ್ತೆಯ ತಿರುವು. ತಿರುವಿನಲ್ಲೇ ಬಸ್ಸು ನಿಲ್ಲುವ ಜಾಗ. ನಮ್ಮ ಬಯಲಿನಲ್ಲಿ ಬರುವ ಬಸ್ಸು ಅರ್ಧ ಮೈಲಿ ದೂರದಿಂದ ಕಾಣುತ್ತದೆ. ಇಲ್ಲಿ ಬಸ್ಸು ಕಂಡಾಗ ಕಾಲ ಬುಡದಲ್ಲೇ ಇರುತ್ತದೆ.

ನನಗೆ ಬಾಡಿಗೆಗೆ ಸಿಕ್ಕಿದ್ದು ಯಶೋದಾಳ ಟೈಲರಿಂಗ್ ಅಂಗಡಿಯ ಮೇಲಿನ ಕೋಣೆ. ಅಂಗಡಿಯ ಹಿಂದೆಯೇ ಅವರ ಮನೆ. ಯಶೋದಾ, ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಅವಳ ತಾಯಿ ಪೂವಕ್ಕ. ಮನೆಯಲ್ಲಿ ತಮ್ಮೊಳಗೆ ಅರೆಭಾಷೆ ಮಾತಾಡುತ್ತಿದ್ದರು. ನಾನು ಬಾಗಿಲಲ್ಲಿ ಕಂಡರೆ ಎಲ್ಲರೂ ಒಟ್ಟಿಗೆ ಕನ್ನಡಕ್ಕೆ ತಿರುಗುತ್ತಿದ್ದರು. ಪೂವಕ್ಕ ಅಂಗನವಾಡಿ ಟೀಚರಾಗಿ ನಿವೃತ್ತರಾದವರು. ಆ ಜಂಕ್ಷನ್ನಿನಲ್ಲಿ ಇಪ್ಪತ್ತೈದು ದಾಟಿದ, ನಲವತ್ತರ ಒಳಗಿನ ಯಾರಿಗೇ ಆಗಲಿ, ಸ್ಲೇಟಿನ ಮೇಲೆ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದ್ದು ಅವರೇ. ವಯಸ್ಸು ಎಪ್ಪತ್ತೆಂಟು, ಮಾತು ಚುರುಕು, ಮಂಡಿ ಮಾತ್ರ ಕೈಕೊಟ್ಟಿತ್ತು. ಬುಧವಾರ ಬುಧವಾರ ಬಸ್ಸು ಹತ್ತಿ ಪುತ್ತೂರಿಗೆ ಹೋಗಿ ಕಾಲಿಗೆ ಕರೆಂಟು ಕೊಡಿಸಿಕೊಂಡು, ಬಿಪಿ ತೋರಿಸಿ, ಮಾತ್ರೆ ತರುವುದು ಅವರ ಕ್ರಮ. ಜೊತೆಗೆ ಯಾರಾದರೂ ಬರುತ್ತೇವೆಂದರೆ ಒಪ್ಪುತ್ತಿರಲಿಲ್ಲ. "ನಾನು ಹೋಗುದು ಕಾಲಿಗೆ ಮಾತ್ರ ಅಲ್ಲ ಮೇಡಂ. ವಾರಕ್ಕೊಮ್ಮೆ ಪುತ್ತೂರು ನೋಡದಿದ್ರೆ ನನಗೆ ಅನ್ನ ಸೇರುದಿಲ್ಲ" ಎನ್ನುತ್ತಿದ್ದರು.

ಬಂದ ವಾರವೇ ನನ್ನ ಊರು ಕೇಳಿ ತಮಾಷೆ ಮಾಡಿದ್ದರು. "ಹಿರಿಯೂರಾ? ಹಾಗಾದ್ರೆ ನೀವು ಬಂದದ್ದು ಹಿರಿಯರ ಊರಿಂದ. ಜಾಗ್ರತೆ ಬೇಕು ನಮಗೆ." ನಾನೂ ನಕ್ಕಿದ್ದೆ. ನನಗೆ ಕೇಳಿಸಬೇಕಾದ್ದು ಅಲ್ಲೇ ಕೇಳಿಸಬೇಕಿತ್ತು.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಗ್ರಾಮವನ್ನು ಹಿರಿಯ ನಾಗರಿಕ ಸ್ನೇಹಿ ಮಾಡಬೇಕು. ಸರಕಾರಿ ಕಟ್ಟಡಗಳಿಗೆ ಇಳಿಜಾರು ದಾರಿ, ಮೆಟ್ಟಿಲಿಗೆ ಕೈಹಿಡಿ, ದೊಡ್ಡ ಅಕ್ಷರದ ಫಲಕ, ಬಸ್ಸಿಗೆ ಕಾಯುವಲ್ಲಿ ಕೂರುವ ವ್ಯವಸ್ಥೆ. ಸುತ್ತೋಲೆಗಳಲ್ಲಿ ಹೆಚ್ಚಿನವು ಕಡತಕ್ಕೆ ಹುಟ್ಟಿ ಕಡತದಲ್ಲೇ ಸಾಯುತ್ತವೆ, ನಾನೇ ಎಷ್ಟನ್ನೋ ಸಾಯಿಸಿದ್ದೇನೆ. ಇದನ್ನು ಸಾಯಿಸಲಿಲ್ಲ. ಕಾರಣ ಪೂವಕ್ಕನ ಮಂಡಿ. ಬಸ್ಸು ಸ್ಟಾಪಿನ ಪಕ್ಕದಲ್ಲಿ ಒಂದು ಹಳೆಯ ಮೋರಿ ಇತ್ತು, ಅದಕ್ಕೆ ಮೊಣಕಾಲೆತ್ತರದ ದಂಡೆ. ಊರಿನ ವಯಸ್ಸಾದವರೆಲ್ಲ ಅದರ ಮೇಲೇ ಕೂತು ಬಸ್ಸು ಕಾಯುತ್ತಿದ್ದರು. ಆ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವಾಗ ದಂಡೆಯನ್ನು ಒಡೆದುಹಾಕಿದರು. ಅಂದಿನಿಂದ ಪೂವಕ್ಕ ರಸ್ತೆಯ ಅಂಚಿನಲ್ಲಿ, ಕೊಡೆಯನ್ನು ಊರುಗೋಲು ಮಾಡಿಕೊಂಡು, ಅರ್ಧ ಗಂಟೆ ನಿಲ್ಲಬೇಕಾಯಿತು. ಬೇಗ ಹೊರಡದಿದ್ದರೆ ರಸ್ತೆ ದಾಟುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಟಿಪ್ಪರುಗಳು ಅವರ ಸೆರಗು ಹಾರುವಷ್ಟು ಹತ್ತಿರದಿಂದ ಹಾದುಹೋಗುವುದನ್ನು ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ.

ಜೂನ್ ತಿಂಗಳಿಡೀ ಕೆಲಸ. ಅಂಚೆ ಕಚೇರಿಗೆ ಇಳಿಜಾರು ಆಯಿತು, ಸೊಸೈಟಿಯ ಮೆಟ್ಟಿಲಿಗೆ ಕಬ್ಬಿಣದ ಕೈಹಿಡಿ ಬಂತು, ಪಂಚಾಯಿತಿಯ ಕಿಟಕಿಯನ್ನು ಕೂತು ಮಾತಾಡುವಷ್ಟು ತಗ್ಗಿಸಿದೆವು. ಎಲ್ಲವನ್ನೂ ಜನ ಮೊದಲ ದಿನದಿಂದಲೇ ಬಳಸಿದರು. ಮೆಟ್ಟಿಲು ಹತ್ತಲಾರದೆ ಹೊರಗೇ ನಿಂತು ಕೂಗಿ ಕರೆಯುತ್ತಿದ್ದ ಮುದುಕರೊಬ್ಬರು ಕೈಹಿಡಿ ಹಿಡಿದು ಒಳಗೆ ಬಂದು, ಕೆಲಸವಿಲ್ಲದಿದ್ದರೂ ಸುಮ್ಮನೆ ಒಂದು ಸುತ್ತು ಹಾಕಿ ಹೋದರು. ನನಗೆ ಕೋಡು ಮೂಡಿತು.

ಉಳಿದದ್ದು ಬೆಂಚು. ತಿರುವಿನ ಒಳಬದಿಗೆ ಶೀಟು ಹಾಕಿದ ಒಂದು ಪುಟ್ಟ ತಂಗುದಾಣ ಕಟ್ಟಿಸಿ, ಒಳಗೆ ಕೆಂಪುಕಲ್ಲಿನ ಕಟ್ಟೆ ಎಬ್ಬಿಸಿ, ಗಾರೆ ಮಾಡಿಸಿದೆ. ಬೆನ್ನಿಗೆ ಒರಗಲು ಗೋಡೆ. ಗೋಡೆಯ ಮೇಲೆ ಹಳದಿ ಬಳಿದು ಕಪ್ಪಿನಲ್ಲಿ ಬರೆಸಬೇಕು. ಸುತ್ತೋಲೆಯಲ್ಲಿದ್ದ ಒಕ್ಕಣೆ "ಹಿರಿಯ ನಾಗರಿಕರಿಗಾಗಿ ಕಾಯ್ದಿರಿಸಲಾಗಿದೆ" ಎಂದು. ಪೇಂಟರ್ ಬಾಲಣ್ಣ ಕೈಯಿಂದ ಗೋಡೆ ಅಳೆದು ತಲೆಯಾಡಿಸಿದರು. ಅವರು ಆ ಊರಿನವರೇ, ಬೋರ್ಡಿನಿಂದ ಹಿಡಿದು ಮನೆಯ ಗೇಟಿನವರೆಗೆ ಎಲ್ಲಕ್ಕೂ ಅವರದ್ದೇ ಕೈ.

"ಇಷ್ಟು ಅಕ್ಷರ ಹಿಡಿಯುದಿಲ್ಲ ಮೇಡಂ. ಸಣ್ಣ ಮಾಡಿದ್ರೆ ಕಣ್ಣು ಕಾಣದವರು ಓದುದು ಹೇಗೆ?"

ಮಾತು ಸರಿ ಎನಿಸಿತು. ಕಾಗದದ ಮೇಲೆ ಎರಡೇ ಪದ ಗೀಚಿ ಕೊಟ್ಟೆ: ಹಿರಿಯರಿಗೆ ಮೀಸಲು.

ಬಾಲಣ್ಣ ಆ ಕಾಗದವನ್ನು ಬಹಳ ಹೊತ್ತು ನೋಡಿದರು. "ಇದೇ ಬರೆಯುದಾ?"

"ಇದೇ."

"ಪ್ರಾಯದವರಿಗೆ ಅಂತ ಹಾಕುವನಾ ಮೇಡಂ? ಅಕ್ಷರವೂ ಕಮ್ಮಿ ಸಾಕು."

ನಾನು ನಕ್ಕುಬಿಟ್ಟೆ. "ಪ್ರಾಯದವರಿಗೆ ಯಾಕ್ರೀ ಬೆಂಚು? ಅವರು ನಿಂತ್ಕೊಳ್ಳಲಿ."

ಅವರು ಒಮ್ಮೆ ನನ್ನ ಮುಖ ನೋಡಿದರು. ಬ್ರಶ್ಶು ಹಿಡಿದವರು ಆ ಕಟ್ಟೆಯ ಮೇಲೆ ಕಾಲಿಡದೆ, ಪಕ್ಕದಲ್ಲಿ ಏಣಿ ಹಾಕಿಕೊಂಡು, ಮೈ ಬಾಗಿಸಿ ಕಷ್ಟದಲ್ಲಿ ಬರೆದು ಮುಗಿಸಿದರು. ಗಾರೆ ಹಾಳಾಗಬಾರದೆಂದು ಜಾಗ್ರತೆ ಮಾಡುತ್ತಿದ್ದಾರೆ ಎಂದುಕೊಂಡೆ. ಮಳೆಯಿಂದಾಗಿ ಪೇಂಟು ಒಣಗಲು ವಾರ ಹಿಡಿಯಿತು, ವಾಸನೆ ನನ್ನ ಕೋಣೆಯವರೆಗೂ ಬರುತ್ತಿತ್ತು.

ಪೇಂಟು ಒಣಗಿತು, ಯಾರೂ ಕೂರಲಿಲ್ಲ.

ಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಹೊಸದಲ್ಲವೇ, ಸಂಕೋಚ ಇರಬಹುದು ಎಂದುಕೊಂಡೆ. ಎರಡನೆಯ ವಾರದಲ್ಲಿ ಕಿಟಕಿಯ ಬಳಿ ನಿಂತು ನೋಡತೊಡಗಿದೆ. ಸುರಿಯುವ ಮಳೆ. ತಂಗುದಾಣದ ಒಳಗೆ ಒಣಗಿದ, ಬೆಳ್ಳಗಿನ ಕಟ್ಟೆ. ಹೊರಗೆ ರಸ್ತೆಯ ಅಂಚಿನಲ್ಲಿ, ಒಡೆದ ಮೋರಿಯ ಪಕ್ಕ, ಏಳೆಂಟು ಕೊಡೆಗಳು. ಎಲ್ಲ ಕೊಡೆಗಳ ಕೆಳಗೂ ಅರವತ್ತು, ಎಪ್ಪತ್ತು ದಾಟಿದವರು. ಕಾಲೇಜಿನ ಹುಡುಗಿಯರು ಮಾತ್ರ ಶೀಟಿನ ಅಂಚಿಗೆ ಸೇರಿ ನಿಲ್ಲುತ್ತಿದ್ದರು, ಅವರೂ ಕಟ್ಟೆಗೆ ಬೆನ್ನು ಹಾಕುತ್ತಿರಲಿಲ್ಲ. ಬ್ಯಾಗು ಸಹ ಅದರ ಮೇಲೆ ಇಡುತ್ತಿರಲಿಲ್ಲ.

ಒಂದು ದಿನ ಕೆಳಗಿಳಿದು ಹೋಗಿ ಒಬ್ಬೊಬ್ಬರನ್ನೇ ಒತ್ತಾಯಿಸಿದೆ. "ಒಳಗೆ ಬನ್ನಿ, ಕೂತ್ಕೊಳ್ಳಿ, ನಿಮಗಾಗಿಯೇ ಮಾಡಿಸಿದ್ದು." ಎಲ್ಲರೂ ಕೈಮುಗಿದರು. ಸೊಸೈಟಿಯಲ್ಲಿ ಸುತ್ತು ಹಾಕಿದ್ದ ಆ ಮುದುಕರು ಎರಡು ಹೆಜ್ಜೆ ಹಿಂದೆ ಸರಿದು, "ಬೇಡ ಮೇಡಂ, ನನಗೆ ಇನ್ನೂ ಸಮಯ ಉಂಟು" ಎಂದರು. ಪಕ್ಕದ ಹೆಂಗಸೂ ಅದನ್ನೇ ಹೇಳಿದರು: "ನನಗೂ ಸಮಯ ಉಂಟು." ನಾನು ಗಡಿಯಾರ ನೋಡಿದೆ. ಸುಳ್ಯದ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. "ಸಮಯ ಇದೆಯಲ್ಲ, ಅದಕ್ಕೇ ಕೂತ್ಕೊಳ್ಳಿ ಅಂದಿದ್ದು" ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಯಾರೂ ನಗಲಿಲ್ಲ, ಯಾರೂ ಕದಲಲಿಲ್ಲ. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ನಮ್ಮ ಕಡೆ ನೋಡುತ್ತಿದ್ದರು.

ಆಟಿ ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ಕಚೇರಿಗೆ ಹೊರಟವಳು ನೋಡುತ್ತೇನೆ, ಕಟ್ಟೆಯ ಮೇಲೆ ಒಂದು ಬಾಳೆಲೆಯ ತುಂಡು. ಅದರ ಮೇಲೆ ಒಂದಿಷ್ಟು ಅನ್ನ, ಏನೋ ಪಲ್ಯ, ಒಂದು ವೀಳ್ಯದೆಲೆ. ನನಗೆ ಸಿಟ್ಟು ನೆತ್ತಿಗೇರಿತು. ಕೂರಲು ಕಟ್ಟಿಸಿದರೆ ಕೂರುವುದಿಲ್ಲ, ಎಂಜಲು ಬಿಸಾಡುತ್ತಾರೆ. ಪಂಚಾಯಿತಿಯ ಕಸ ಗುಡಿಸುವ ಗಿರಿಜಾಳನ್ನು ಕರೆದು ಅದನ್ನು ತೆಗೆಯಲು ಹೇಳಿದೆ. ಗಿರಿಜಾ ಪೊರಕೆಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಮೇಡಂ, ಅದು ಕಾಗೆ ತಿಂದುಕೊಂಡು ಹೋಗ್ಲಿ."

"ಅಲ್ಲೀತನಕ ಹೀಗೇ ಬಿದ್ದಿರಬೇಕಾ?"

ಅವಳು ನೆಲ ನೋಡಿದಳೇ ಹೊರತು ಮುಂದೆ ಬರಲಿಲ್ಲ. ನಾನೇ ಎಲೆಯನ್ನು ಎರಡು ಬೆರಳಲ್ಲಿ ಎತ್ತಿ, ರಸ್ತೆಯಾಚೆಯ ಚರಂಡಿಗೆ ಎಸೆದೆ. ಮಳೆನೀರು ಅದನ್ನು ಎಳೆದುಕೊಂಡು ಮೋರಿಯೊಳಗೆ ಹೋಯಿತು. ಹಿಂದಿರುಗಿ ನೋಡಿದರೆ ಹೋಟೆಲಿನವರು ಒಳಗೆ ಹೋಗಿ ಅರ್ಧ ಬಾಗಿಲು ಹಾಕಿಕೊಂಡಿದ್ದರು. ಗಿರಿಜಾಳ ಮುಖ ಬಿಳಿಚಿತ್ತು. ಜ್ವರ ಇದೆಯಾ ಎಂದು ಕೇಳಿದೆ. ಇಲ್ಲ ಎಂದಳು.

ಆಟಿ ಕಳೆದು ಸೋಣ ತಿಂಗಳು ಹಿಡಿದಾಗ ಜಿಲ್ಲೆಯಿಂದ ಅಧಿಕಾರಿಗಳು ಕೆಲಸ ನೋಡಲು ಬರುತ್ತಾರೆಂದು ಪತ್ರ ಬಂತು. ಫಲಾನುಭವಿಗಳ ಜೊತೆ ಫೋಟೋ ತೆಗೆಯುತ್ತಾರೆ, ಚೆನ್ನಾಗಿ ಬಂದದ್ದು ಪುಸ್ತಿಕೆಯ ಮುಖಪುಟಕ್ಕೆ. ಅಂಚೆ ಕಚೇರಿ ಸರಿ, ಸೊಸೈಟಿ ಸರಿ, ಖಾಲಿ ಕಟ್ಟೆಯನ್ನು ಹೇಗೆ ತೋರಿಸುವುದು?

ಅವರು ಬಂದದ್ದು ಬುಧವಾರ. ಮಳೆ ಸ್ವಲ್ಪ ಬಿಟ್ಟಿತ್ತು. ಎಲ್ಲ ನೋಡಿ ಮೆಚ್ಚಿ ತಂಗುದಾಣಕ್ಕೆ ಬಂದರು. ಎಂದಿನಂತೆ ಕೊಡೆಗಳೆಲ್ಲ ರಸ್ತೆಯ ಅಂಚಿನಲ್ಲಿ. ದೊಡ್ಡ ಅಧಿಕಾರಿ ನನ್ನ ಕಡೆ ತಿರುಗಿ, "ಯಾಕ್ರೀ, ಯಾರೂ ಬಳಸ್ತಾ ಇಲ್ವಾ?" ಎಂದರು. ಪೂವಕ್ಕ ಕೊಡೆಗಳ ನಡುವೆ ನಿಂತಿದ್ದರು. ಹತ್ತಿರ ಹೋಗಿ ಕೈ ಹಿಡಿದೆ.

"ಪೂವಕ್ಕ, ನೀವಾದ್ರೂ ಬನ್ನಿ. ನಿಮ್ಮ ಮಂಡಿಗಾಗಿಯೇ ಮಾಡಿಸಿದ್ದು ನಾನು. ಒಂದು ಫೋಟೋಕ್ಕೆ ಸಾಕು."

ಅವರು ನನ್ನ ಮುಖವನ್ನು ನೋಡಿದರು. ಆ ನೋಟದಲ್ಲಿ ಬೇಸರ ಇರಲಿಲ್ಲ, ತಪ್ಪು ಅಕ್ಷರ ಬರೆದ ಮಗುವನ್ನು ನೋಡುವ ತಾಳ್ಮೆ ಇತ್ತು. ಆಮೇಲೆ ಗೋಡೆಯ ಮೇಲಿನ ಬರಹ ನೋಡಿದರು. ಪಕ್ಕದಲ್ಲಿದ್ದ ಹೆಂಗಸು ಅವರ ಸೆರಗು ಹಿಡಿದು ಅರೆಭಾಷೆಯಲ್ಲಿ ಏನೋ ಅಂದಳು. ಪೂವಕ್ಕ ಸೆರಗು ಬಿಡಿಸಿಕೊಂಡು, "ಆಯ್ತು ಮೇಡಂ. ಪಟ ಚಂದ ಬರ್ಬೇಕಲ್ಲಾ" ಎಂದು ಬಂದರು. ತಂಗುದಾಣದ ಹೊರಗೆ ಚಪ್ಪಲಿ ಬಿಟ್ಟರು. ಕಟ್ಟೆಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಕೂತರು. ಹಿಂದೆ ಗೋಡೆ, ತಲೆಯ ಮೇಲೆ ನನ್ನ ಎರಡು ಪದ. ಕ್ಯಾಮೆರಾದವನು ನಗಿ ಅಂದ, ನಕ್ಕರು. ಹೊರಗೆ ಕೊಡೆಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದವು.

ಬಸ್ಸು ಬಂತು, ಎಲ್ಲರೂ ಹತ್ತಿದರು. ಪೂವಕ್ಕ ಹತ್ತಲಿಲ್ಲ. "ಇವತ್ತು ಬೇಡ" ಎಂದು ನಿಧಾನಕ್ಕೆ ರಸ್ತೆ ದಾಟಿ ಮನೆಗೆ ಹೋದರು. ನಾನು ಅಧಿಕಾರಿಗಳ ಜೀಪಿನ ಹಿಂದೆ ಓಡುತ್ತಿದ್ದೆ.

ಮರುದಿನದಿಂದ ಯಶೋದಾಳ ಮನೆಗೆ ಜನ ಬರತೊಡಗಿದರು. ದಿನಕ್ಕೆ ಇಬ್ಬರು, ಮೂವರು. ಒಬ್ಬರು ಪತ್ರೊಡೆ ತಂದರು, ಇನ್ನೊಬ್ಬರು ಕೆಸುವಿನ ದಂಟಿನ ಪದಾರ್ಥ. ಅಂಗನವಾಡಿಯಲ್ಲಿ ಅವರ ಜೊತೆಗಿದ್ದ ಹಳೇ ಸಹಾಯಕಿಯೊಬ್ಬಳು ಕಡಬದಿಂದ ಉಪ್ಪಿಗೆ ಹಾಕಿಟ್ಟ ಹಲಸಿನ ತೊಳೆ ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಬಂದಳು. ಬಂದವರು ಪೂವಕ್ಕನ ಎದುರು ಕೂತು, ಕೈ ಹಿಡಿದುಕೊಂಡು, ಹಳೆಯ ಮಾತಾಡಿ, ಎದ್ದು ಹೋಗುವಾಗ ಕಾಲಿಗೆ ಬಾಗುತ್ತಿದ್ದರು. "ಒಮ್ಮೆ ನೋಡಿ ಹೋಗುವಾ ಅಂತ ಬಂದದ್ದು" ಎನ್ನುವ ಮಾತು ಕೋಣೆಯ ಮೆಟ್ಟಿಲಿನವರೆಗೂ ಕೇಳುತ್ತಿತ್ತು. ಟೀಚರ್ ಮೇಲೆ ಊರಿಗೆ ಎಷ್ಟು ಪ್ರೀತಿ ಎಂದು ನನಗೆ ಕಣ್ಣು ತುಂಬಿ ಬಂತು. ಯಶೋದಾ ಮಾತ್ರ ನನ್ನನ್ನು ಕಂಡರೆ ಹೊಲಿಗೆ ಮಿಷನ್ನಿನಿಂದ ತಲೆ ಎತ್ತುತ್ತಿರಲಿಲ್ಲ.

ಮುಂದಿನ ಬುಧವಾರ ಪೂವಕ್ಕ ಪುತ್ತೂರಿಗೆ ಹೋಗಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. ಮೂರನೆಯ ಬುಧವಾರ ನಾನು ಮಧ್ಯಾಹ್ನದ ಊಟಕ್ಕೆ ಬಂದವಳು ನೇರ ಅವರ ಕೋಣೆಗೆ ಹೋದೆ. ಹಾಸಿಗೆಯ ಮೇಲೆ ಸೀರೆಗಳನ್ನು ಹರಡಿ, ಯಾರಿಗೆ ಯಾವುದು ಎಂದು ಮಡಚಿಡುತ್ತಿದ್ದರು.

"ಕಾಲಿಗೆ ಕರೆಂಟು ಕೊಡಿಸೋದು ಯಾಕೆ ಬಿಟ್ರಿ?"

"ಇನ್ನು ಎಂತಕ್ಕೆ ಮೇಡಂ?" ಎಂದರು. ಧ್ವನಿಯಲ್ಲಿ ದುಃಖವೇ ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು. "ನಿಮಗೆ ಹೇಳ್ಬಾರ್ದು ಅಂತ ಎಣಿಸಿದ್ದೆ. ಕೂತ್ಕೊಳ್ಳಿ."

ಕೂತೆ. ಅವರು ಅಂಗನವಾಡಿಯ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಹೇಳಿದರು. "ಆಟಿಯಲ್ಲಿ ನಾವು ಹಿರಿಯರಿಗೆ ಬಡಿಸುದು ನೀವು ನೋಡಿದ್ದೀರಲ್ಲಾ? ಮಣೆ ಇಟ್ಟು, ಎಲೆ ಹಾಕಿ, ಎಲ್ಲ ಬಡಿಸಿ, ಬಾಗಿಲು ಹಾಕಿ ನಾವು ಹೊರಗೆ ನಿಲ್ಲುದು. ಅವರು ಬಂದು ಉಣ್ಣುವಷ್ಟು ಹೊತ್ತು. ಆ ಮಣೆಯಲ್ಲಿ ಮನೆಯವರು ಯಾರೂ ಕೂರುದಿಲ್ಲ, ಕೂತ್ರೆ ಅವರ ಲೆಕ್ಕಕ್ಕೆ ಸೇರಿದ ಹಾಗೆ. ಹಿರಿಯರು ಅಂದ್ರೆ ನಮಗೆ ತೀರಿಹೋದವರು ಮೇಡಂ. ಮೀಸಲು ಅಂದ್ರೆ ಅವರ ಹೆಸರಲ್ಲಿ ತೆಗೆದಿಟ್ಟದ್ದು. ನಮ್ಮ ಹಾಗೆ ಬದುಕಿ ಉಳಿದವರಿಗೆ ಇಲ್ಲಿ ಪ್ರಾಯದವರು ಅಂತ ಹೇಳುದು."

ನಮ್ಮ ಕಡೆ ಪ್ರಾಯದವರು ಎಂದರೆ ಹರೆಯದವರು. ಬಾಲಣ್ಣ ಬ್ರಶ್ಶು ಹಿಡಿದು ಹೇಳಿದ್ದ ಮಾತು ಆಗ ಕಿವಿಗೆ ಬಂತು. ನಾನು ನಕ್ಕದ್ದೂ ಬಂತು. ಆಮೇಲೆ, ಸಮಯ ಉಂಟು, ನನಗೂ ಸಮಯ ಉಂಟು, ಎಂದು ಮಳೆಯಲ್ಲಿ ಹಿಂದೆ ಸರಿದವರೆಲ್ಲ ಕಣ್ಣ ಮುಂದೆ ಬಂದರು. ಅವರು ಹೇಳಿದ್ದು ಬಸ್ಸಿನ ಸಮಯ ಆಗಿರಲಿಲ್ಲ.

ನಮ್ಮಲ್ಲೂ ಹಿರಿಯರ ಹಬ್ಬ ಇದೆ. ನಮ್ಮಮ್ಮನೂ ಎಡೆ ಇಟ್ಟು ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದಳು. ಗೊತ್ತಿಲ್ಲದ್ದೇನೂ ಅಲ್ಲ. ಮೂವತ್ತು ವರ್ಷ ಕಡತ ಓದಿದವಳಿಗೆ ಪದಗಳ ಅರ್ಥ ಸುತ್ತೋಲೆಯಲ್ಲಿ ಇದ್ದಷ್ಟೇ ಎಂದಾಗಿತ್ತು.

"ಯಾರಾದ್ರೂ ಒಬ್ಬರು ಹೇಳಬಹುದಿತ್ತಲ್ಲ ಪೂವಕ್ಕ."

"ನೀವು ಗೊತ್ತಿದ್ದೇ ಬರೆಸಿದ್ದು ಅಂತ ಎಣಿಸಿದ್ದು ಮಾರಾಯ್ರೆ. ಹಳೇ ಮೋರಿ ಒಡೆದದ್ದಲ್ವಾ. ಆ ತಿರುವಿನಲ್ಲಿ ಹಿಂದೆ ಜೀವ ಹೋದವರು ಸುಮಾರು ಜನ. ಪಂಚಾಯಿತಿಯವರು ಜೋಯಿಸರಲ್ಲಿ ಪ್ರಶ್ನೆ ಕೇಳಿಸಿರ್ಬೇಕು, ಹಿರಿಯರಿಗೆ ಒಂದು ಜಾಗ ಮಾಡಿ ಕೊಡಿ ಅಂತ ಕಂಡುಬಂದಿರ್ಬೇಕು ಅಂತ ಎಲ್ಲರೂ ಹೇಳಿದ್ದು. ಒಳ್ಳೇ ಕೆಲಸ ಮಾಡಿದ್ರು ಅಂತಲೇ ಹೇಳಿದ್ದು. ನೀವು ಎಲೆ ತೆಗ್ದು ಚರಂಡಿಗೆ ಹಾಕಿದ್ರಲ್ಲಾ, ಆಮೇಲೆ ಹೆದರಿಕೊಂಡದ್ದು."

"ನಿಮಗೆ ಗೊತ್ತಿದ್ದೂ ಯಾಕೆ ಕೂತ್ರಿ?"

ಅವರು ಮಡಚಿದ ಸೀರೆಯೊಂದರ ಅಂಚನ್ನು ಸರಿಮಾಡಿದರು. "ಆಚೆ ಊರಿಂದ ಬಂದು ಇಷ್ಟೆಲ್ಲ ಮಾಡಿದ್ದೀರಿ. ಆಫೀಸರುಗಳ ಎದುರು ನಿಮ್ಮ ಮುಖ ಸಣ್ಣ ಆಗುದು ನೋಡ್ಲಿಕ್ಕೆ ಆಗ್ಲಿಲ್ಲ."

ನಾನು ಅತ್ತೆ. ಅವರ ಎದುರಲ್ಲೇ, ಸೀರೆಗಳ ನಡುವೆ ಕೂತು. ನಾಳೆಯೇ ಬರಹ ಅಳಿಸುತ್ತೇನೆ, ನೀವು ಬುಧವಾರ ಪುತ್ತೂರಿಗೆ ಹೋಗಬೇಕು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಆಯ್ತು ಎಂದು ನನ್ನ ತಲೆ ಸವರಿದರು.

ಅಳಿಸುವುದು ನಾನು ಎಣಿಸಿದಷ್ಟು ಸುಲಭವಿರಲಿಲ್ಲ. ವಿಷಯವನ್ನು ಪಂಚಾಯಿತಿ ಸಭೆಯ ಮುಂದಿಟ್ಟೆ. ಪದ ತಪ್ಪಾಗಿದೆ, ನನ್ನದೇ ತಪ್ಪು, ಬದಲಿಸೋಣ ಎಂದೆ. ಅಧ್ಯಕ್ಷರು ಮೇಜನ್ನು ನೋಡುತ್ತ ಹೇಳಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಪದವಿ ಓದಿದವರು.

"ತಪ್ಪೋ ಸರಿಯೋ, ಅವರ ಹೆಸರಿಗೆ ಬಿಟ್ಟು ಆಯ್ತಲ್ಲ ಮೇಡಂ. ಬಿಟ್ಟದ್ದನ್ನು ವಾಪಸ್ ತೆಗೆಯಿರಿ ಅಂತ ನಾವು ಯಾರೂ ಕೈ ಎತ್ತುದಿಲ್ಲ."

ಬಾಲಣ್ಣನನ್ನು ಕರೆಸಿದೆ. ಅವರು ಬಂದು, ಬಾಗಿಲಲ್ಲೇ ನಿಂತು, ಕೈಮುಗಿದು ಹೋದರು. ನಾನೇ ಡಬ್ಬಿ ತಂದು, ಒಂದು ಭಾನುವಾರ ಬೆಳಿಗ್ಗೆ, ಎಲ್ಲರೂ ನೋಡುತ್ತಿ‌ರುವಂತೆಯೇ ಗೋಡೆಗೆ ಹಳದಿ ಬಳಿದೆ. ಬಳಿದದ್ದರ ಮೇಲೆ, ಕೆಟ್ಟ ಕೈಬರಹದಲ್ಲಿ, ಪ್ರಾಯದವರಿಗೆ ಎಂದು ಬರೆದೆ. ನನ್ನ ಕೈ ಪೂರ್ತಿ ಹಳದಿಯಾಗಿತ್ತು. ಎದುರು ಅಂಗಡಿಯಲ್ಲಿ ಯಶೋದಾಳ ಮಿಷನ್ನು ನಿಂತಿತ್ತು, ಬಾಗಿಲಲ್ಲಿ ಪೂವಕ್ಕ ನಿಂತು ನೋಡುತ್ತಿದ್ದರು.

ಹಸಿ ಗೋಡೆಗೆ ಪೇಂಟು ಹಿಡಿಯಲಿಲ್ಲ. ಮೂರು ದಿನ ಮಳೆ ಸುರಿಯಿತು. ನಾಲ್ಕನೆಯ ದಿನ ನನ್ನ ಅಕ್ಷರಗಳು ಸುಲಿದು ಕೆಳಗೆ ಇಳಿದಿದ್ದವು, ಹಳದಿಯ ಒಳಗಿನಿಂದ ಬಾಲಣ್ಣನ ಕಪ್ಪು ಬರಹ ಮೇಲೆ ಬಂದಿತ್ತು. ಮೊದಲಿಗಿಂತ ಮಸುಕಾಗಿದ್ದರೂ ಓದಲು ಬರುತ್ತಿತ್ತು. ಅದೇ ಬುಧವಾರ ನಾನು ಆಟೋ ಮಾಡಿ ಪೂವಕ್ಕನನ್ನು ಪುತ್ತೂರಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ತಂಗುದಾಣ ಬಂದಾಗ ಅವರು ಆ ಕಡೆ ನೋಡಿ ಕೈಮುಗಿದರು. ಡಾಕ್ಟರು ಬಿಪಿ ನೋಡಿ ಹುಬ್ಬು ಗಂಟಿಕ್ಕಿ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. "ಹೌದು" ಎಂದರು ಪೂವಕ್ಕ. ಅವರ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು.

ದೀಪಾವಳಿಗೆ ಇನ್ನೂ ಹತ್ತು ಹದಿನೈದು ದಿನ ಇರುವಾಗ, ಒಂದು ಬೆಳಿಗ್ಗೆ, ಚಹಾ ಕುಡಿಯುತ್ತಿದ್ದವರು ಲೋಟವನ್ನು ಕೆಳಗಿಡಲಾರದೆ ಒಂದು ಬದಿಗೆ ವಾಲಿದರು. ಮಿದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು. ಎರಡು ದಿನ ಇದ್ದರು. ದಿಂಬಿನ ಕೆಳಗೆ, ಅಕ್ಕಿ ಡಬ್ಬಿಯ ಹಿಂದೆ, ಮಡಚಿಟ್ಟ ಸೀರೆಗಳ ಒಳಗೆ, ಬಿಚ್ಚದ ಮಾತ್ರೆಯ ಪಟ್ಟಿಗಳು ಸಿಕ್ಕಿದವು. ಯಶೋದಾ ಅವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಂದು ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಎಪ್ಪತ್ತೆಂಟು ವರ್ಷ, ಬಿಪಿ, ಹೇಗಿದ್ದರೂ ಆಗಬಹುದಾಗಿದ್ದ ಸಾವು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಚೀಲ ನೆನಪಾದರೆ ಆ ಮಾತು ಬಾಯಲ್ಲೇ ನಿಂತುಬಿಡುತ್ತದೆ.

ಉತ್ತರಕ್ರಿಯೆಯ ದಿನ ಹೋದೆ. ಚಾವಡಿಯಲ್ಲಿ ಕುರ್ಚಿಯ ಮೇಲೆ ದೊಡ್ಡ ಪಟ ಇಟ್ಟು ಮಾಲೆ ಹಾಕಿದ್ದರು. ಹತ್ತಿರ ಹೋದವಳು ಅಲ್ಲೇ ನಿಂತೆ. ಜಿಲ್ಲೆಯವರು ತೆಗೆದ ಫೋಟೋ. ಅವರು ಕಳಿಸಿದ್ದ ಪುಸ್ತಿಕೆಯ ಮುಖಪುಟದಿಂದಲೇ ದೊಡ್ಡದು ಮಾಡಿಸಿದ್ದಾರೆ. ಪೂವಕ್ಕ ಕಟ್ಟೆಯ ಮೇಲೆ ಕೂತು ನಗುತ್ತಿದ್ದಾರೆ, ಕಾಲಲ್ಲಿ ಚಪ್ಪಲಿ ಇಲ್ಲ. ತಲೆಯ ಮೇಲೆ ಕಪ್ಪಿನಲ್ಲಿ, ದೊಡ್ಡದಾಗಿ, ಕಣ್ಣು ಕಾಣದವರೂ ಓದುವ ಹಾಗೆ, ಹಿರಿಯರಿಗೆ ಮೀಸಲು.

ಯಶೋದಾ ಪಕ್ಕಕ್ಕೆ ಬಂದು ನಿಂತಳು. "ಬೇರೆ ಒಳ್ಳೇ ಪಟ ಇಲ್ಲ ಮೇಡಂ. ಇದರಲ್ಲಿ ಅಮ್ಮ ಚಂದ ಬಂದಿದ್ದಾರೆ." ಮಾಲೆಯನ್ನು ಸರಿಮಾಡುತ್ತ ಹೇಳಿದಳು, "ಬರಹ ಕತ್ತರಿಸುದಾ ಅಂತ ಸ್ಟುಡಿಯೋದವರು ಕೇಳಿದ್ರು. ಇರ್ಲಿ ಹೇಳಿದೆ. ಈಗ ಸರಿ ಉಂಟಲ್ಲಾ."

ಮುಂದಿನ ಬೇಸಿಗೆಯಲ್ಲಿ ನಾನೇ ಕೇಳಿಕೊಂಡು ವರ್ಗ ಮಾಡಿಸಿಕೊಂಡೆ. ಹೊರಡುವ ದಿನ ನೋಡಿದಾಗ ಕಟ್ಟೆಯ ಮೇಲೆ ಒಂದು ಕೆಂಪು ದಾಸವಾಳ, ಗೋಡೆಯಲ್ಲಿ ದೀಪದ ಮಸಿ. ಬಸ್ಸು ಸ್ಟಾಪು ಆಮೇಲೆ ಜನರೇ ಮುಂದಕ್ಕೆ ಮಾಡಿಕೊಂಡರಂತೆ, ಅಲ್ಲಿ ಕೂರಲಿಕ್ಕೆ ಏನೂ ಇಲ್ಲವಂತೆ.

ಇಷ್ಟೂ ನೆನಪಾಗುವವರೆಗೆ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ನಿಂತೇ ಇದ್ದೆ. ಕಳೆದ ವರ್ಷ ನಿವೃತ್ತಳಾದೆ, ಈಗ ನನ್ನ ಮಂಡಿಯೂ ನೋಯುತ್ತದೆ. ಪೇಂಟಿನವನಿಂದ ಸ್ವಲ್ಪ ದೂರದ ಬೆಂಚಿನಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ನನ್ನನ್ನು ನೋಡಿ ತಟ್ಟನೆ ಎದ್ದಳು. ಬಂದ ಕೂಡಲೇ ಈಶ್ವರಮಂಗಲದ ಬಸ್ಸು ಯಾವಾಗ ಎಂದು ನಾನು ಕೇಳಿದ್ದು ಅವಳನ್ನೇ.

"ಅಮ್ಮ, ಇಲ್ಲಿ ಕೂತ್ಕೊಳ್ಳಿ. ಇದು ಪ್ರಾಯದವರಿಗೆ ಅಂತಲೇ ಇರುದು."

ಅವಳು ತೋರಿಸಿದ ಜಾಗದ ಮೇಲೆ ಒಂದು ಸಣ್ಣ ಫಲಕ ಇತ್ತು. ಅದರಲ್ಲಿ ಏನು ಬರೆದಿದೆ ಎಂದು ಓದಲು ನನಗೆ ಧೈರ್ಯವಾಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದೆ. ಬಾಯಿಗೆ ಬಂದದ್ದು ಆ ಊರಿನ ಮಾತೇ.

"ಬೇಡ ಮಗ. ನನಗೆ ಇನ್ನೂ ಸಮಯ ಉಂಟು."

ಹುಡುಗಿ ನನ್ನ ಹೆಗಲಿನಾಚೆ ನೋಡಿ ನಕ್ಕಳು.

"ಸಮಯ ಎಲ್ಲಿ ಉಂಟು ಅಮ್ಮ? ನಿಮ್ಮ ಬಸ್ಸು ಬಂತಲ್ಲಾ."